ಮುದ್ದತ್ತು

ಚಳ್ಳಕೆರೆಯಲ್ಲಿ ಮನೆ ಕಟ್ಟುವವರಿಗೆ ಒಂದು ಸಹಿ ಬೇಕು. ಜಾಗ ಇರಲಿ, ದುಡ್ಡಿರಲಿ, ಒಳ್ಳೆಯ ಮೇಸ್ತ್ರಿಯೇ ಸಿಕ್ಕಿರಲಿ, ಲೈಸೆನ್ಸ್ ಇರುವ ಎಂಜಿನಿಯರ್ ಒಬ್ಬರು ನಕ್ಷೆಯ ಮೂಲೆಯಲ್ಲಿ ಸೀಲು ಒತ್ತಿ ಸಹಿ ಹಾಕದೆ ಪಾಯ ತೋಡುವ ಹಾಗಿಲ್ಲ. ಬಳ್ಳಾರಿ ರಸ್ತೆಗೆ ಸೇರುವ ಒಂದು ಓಣಿಯಲ್ಲಿ ಅಂಥ ಸಹಿ ಹಾಕುವವರು ಒಂದೇ ಮನೆಯಲ್ಲಿ ಇಬ್ಬರಿದ್ದರು. ಮಾರುತೇಶ ಮತ್ತು ಅವನ ಹೆಂಡತಿ ಪ್ರೇಮಲತಾ. ಒಂದೇ ಮೇಜಿನ ಆಚೆ ಈಚೆ ಕೂತು ಕೆಲಸ ಮಾಡುತ್ತಿದ್ದರು. ಹೋದ ವರ್ಷದ ಮಳೆಗಾಲದಲ್ಲಿ ಮಾರುತೇಶ ಜ್ವರ ಎಂದು ಮಲಗಿದ. ದಾವಣಗೆರೆಗೆ ಕರೆದೊಯ್ದರು. ವಾರ ತುಂಬುವ ಮೊದಲೇ ಹೋಗಿಬಿಟ್ಟ. ಮೇಜಿನ ಆಚೆ ಬದಿಯ ಕುರ್ಚಿ ಈಗಲೂ ಅಲ್ಲೇ ಇತ್ತು. ಅದನ್ನು ತೆಗೆಯಬೇಕೆಂದಾಗಲಿ ಇರಿಸಿಕೊಳ್ಳಬೇಕೆಂದಾಗಲಿ ಪ್ರೇಮಲತಾಳಿಗೆ ಅನ್ನಿಸಿರಲಿಲ್ಲ. ಅವಳಿಗೆ ಈಚೆಗೆ ಏನೂ ಅನ್ನಿಸುತ್ತಿರಲಿಲ್ಲ.

ಆ ಸಹಿಗೂ ಒಂದು ಆಯಸ್ಸಿದೆ. ಎಂಜಿನಿಯರ್ ಆದವರು ಓದು ಬಿಡುವ ಹಾಗಿಲ್ಲ ಎನ್ನುವುದು ಅವರ ಸಂಘದ ನಿಯಮ. ಮೂರು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸಬೇಕು, ನವೀಕರಿಸಬೇಕಾದರೆ ಅಷ್ಟರಲ್ಲಿ ಇಷ್ಟು ತಾಸು ತರಗತಿಯಲ್ಲಿ ಕೂತಿರಬೇಕು. ಹೊಸ ಸಿಮೆಂಟು, ಹೊಸ ಕಾಯಿದೆ, ಭೂಕಂಪದ ಲೆಕ್ಕಾಚಾರ. ತಲೆ ನೆರೆತವರು, ಹೊಟ್ಟೆ ಬಂದವರು, ಮೊಮ್ಮಕ್ಕಳಿರುವವರು ಹುಡುಗರಂತೆ ಸಾಲಾಗಿ ಕೂತು ಪಾಠ ಕೇಳುತ್ತಾರೆ, ನಡುವೆ ತೂಕಡಿಸುತ್ತಾರೆ. ಅತ್ತೆ ಸೂರಮ್ಮನಿಗೆ ಇದೊಂದು ತಮಾಷೆ. ‘ಓದು ಮುಗ್ಸಿ ಕೆಲ್ಸಕ್ಕೆ ಸೇರ್ಕಂಡೋರಿಗೆ ಮತ್ತೆ ಸ್ಕೂಲಾ? ಬಾಣಂತನ ಮುಗಿಸ್ಕಂಡೋಳಿಗೆ ಸೀಮಂತ ಮಾಡ್ದಂಗಾತು’ ಎಂದು ಮಗ ಸೊಸೆ ಇಬ್ಬರನ್ನೂ ಆಡಿಕೊಳ್ಳುತ್ತಿದ್ದಳು. ಆದರೂ ಇಬ್ಬರ ಡಬ್ಬಿಗೂ ಅವಲಕ್ಕಿ ಕಲಸಿಡುತ್ತಿದ್ದಳು.

ಪ್ರೇಮಲತಾ ಬೇಕಾದ ತಾಸುಗಳಲ್ಲಿ ಹೆಚ್ಚಿನವನ್ನು ಮಾರುತೇಶನ ಪಕ್ಕ ಕೂತೇ ಮುಗಿಸಿದ್ದಳು. ಉಳಿದದ್ದು ಒಂದೇ ತರಗತಿ. ಅದರ ದಿನ ಹತ್ತಿರ ಬಂದಾಗ ಬೊಮ್ಮಣ್ಣನವರ ಫೋನ್ ಬಂತು. ಅವರು ನಿವೃತ್ತ ಎಂಜಿನಿಯರ್, ತಾಲ್ಲೂಕಿನ ತರಗತಿಗಳ ಉಸ್ತುವಾರಿ ಅವರದೇ.

‘ಏನಮ್ಮ, ಭಾನುವಾರದ ಕ್ಲಾಸಿಗೆ ನಿನ್ ಹೆಸರೇ ಇಲ್ಲ?’

‘ಹೌದು ಸರ್.’

‘ಇದೇ ಕೊನೇ ಕ್ಲಾಸು. ಸೋಮವಾರ ಬಂತೂಂದ್ರೆ ನಿನ್ ಲೈಸೆನ್ಸು ಹೋತು. ಆಮೇಲೆ ಪರೀಕ್ಷೆ, ಸಂದರ್ಶನ, ಎಲ್ಲಾ ಮೊದಲಿಂದ. ಗೊತ್ತೈತಲ್ಲ?’

‘ಗೊತ್ತೈತೆ ಸರ್.’

‘ನೀನೇ ನಿಂತು ಮಾಡಿಸಿದ ಕೆಲ್ಸ, ಯಾವ್ದಾದ್ರೂ ಒಂದು ಸೈಟು, ಅದರ ಫೋಟೊ ತೋರ್ಸಿ ಎಲ್ಲರ ಮುಂದೆ ನಾಲ್ಕು ಮಾತಾಡು. ಅಷ್ಟು ಮಾಡಿದ್ರೆ ಮುಗೀತು.’

‘ನೋಡ್ತೀನಿ ಸರ್.’

‘ನೋಡ್ತೀನಿ ಅಂದ್ರೆ ಬರಲ್ಲ ಅಂತ. ನಾನೂ ಈ ಊರೋನೇ ಕಣಮ್ಮ’ ಎಂದು ಬೊಮ್ಮಣ್ಣನವರು ಫೋನ್ ಇಟ್ಟರು.

ಅವರ ಮಾತು ನಿಜ. ನಾಲ್ಕು ಮಾತಾಡುವುದು ಕಷ್ಟವಲ್ಲ. ನಿಂತು ಮಾಡಿಸಿದ ಕೆಲಸ ಎಲ್ಲಿಂದ ತರುವುದು? ಮಾರುತೇಶ ಹೋದ ಮೇಲೆ ಅವಳು ಯಾವ ಸೈಟಿಗೂ ಹೋಗಿರಲಿಲ್ಲ. ಹೋಗಬೇಡ ಎಂದು ಯಾರೂ ಅಂದಿರಲಿಲ್ಲ. ಮೊದಲ ಕೆಲವು ತಿಂಗಳಾದ ಮೇಲೆ ನನ್ನಿವಾಳದ ಒಬ್ಬರ ಮನೆಯ ಪಾಯದ ಪೂಜೆ ಇತ್ತು. ನಕ್ಷೆ ಅವಳದೇ. ಹಿಂದಿನ ದಿನ ಮನೆಯವರು ಫೋನ್ ಮಾಡಿ, ‘ಬಿಸಿಲು ಬಾಳ ಐತೆ ಮೇಡಮ್, ನೀವು ತ್ರಾಸು ತಗಬೇಡ್ರಿ. ಸುಣ್ಣದ ಗೆರೆ ನಾವೇ ಹಾಕ್ಕೊಂತೀವಿ’ ಎಂದರು. ಸೌಜನ್ಯದಿಂದಲೇ ಅಂದರು. ಆಗ ಮೋಡ ಮುಸುಕಿದ ಕಾಲ. ಪ್ರೇಮಲತಾ ಆಗಲಿ ಎಂದಳು. ಅಲ್ಲಿಂದ ಮುಂದೆ ಯಾರೂ ಕರೆಯುವ ಮೊದಲೇ ತಾನಾಗಿ, ‘ನನ್ನ ಅಗತ್ಯ ಇರಲ್ಲ, ನಕ್ಷೆ ಕಳಿಸ್ತೀನಿ’ ಎನ್ನತೊಡಗಿದಳು. ಹಾಗೆ ಹೇಳುವುದು ಸುಲಭವಾಗಿತ್ತು. ಕೋಣೆಯಲ್ಲಿ ಕೂತು ಗೆರೆ ಎಳೆಯುವುದು ಇನ್ನೂ ಸುಲಭ. ಲೈಸೆನ್ಸ್ ಹೋದರೆ ಅದೂ ಇರುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು, ಆದರೆ ಬೇರೆ ಯಾರದೋ ವಿಷಯ ಗೊತ್ತಿದ್ದ ಹಾಗೆ.

ಉಳಿದಿದ್ದ ಕೆಲಸ ಮೊಳಕಾಲ್ಮೂರಿನ ಕರೀಂ ಸಾಬರ ಮನೆ ಒಂದೇ. ಕರೀಂ ಸಾಬರು ಅಲ್ಲಿ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು ಇಟ್ಟವರು. ಮನೆಯ ನಕ್ಷೆಯನ್ನು ಗಂಡ ಹೆಂಡತಿ ಕೂಡಿಯೇ ಮಾಡಿದ್ದರು. ಗೋಡೆ ಎದ್ದಮೇಲೆ ಕೆಲಸ ನಿಂತಿತ್ತು. ಈಗ ಮಾಳಿಗೆಗೆ ಕಾಂಕ್ರೀಟು ಹಾಕಬೇಕು, ಅದಕ್ಕೆ ಮೊದಲು ಕಂಬಿ ಕಟ್ಟಿದ್ದನ್ನು ಎಂಜಿನಿಯರ್ ನೋಡಿ ಒಪ್ಪಬೇಕು. ಬುಧವಾರ ಪ್ರೇಮಲತಾ ತಾನೇ ಅವರಿಗೆ ಫೋನ್ ಮಾಡಿದಳು. ‘ಅವಧಿ’ ಎಂದರೆ ಅವರಿಗೆ ಪರಕೀಯ ಅನ್ನಿಸೀತು, ಅವರ ಮನೆಮಾತಿಗೆ ಹತ್ತಿರದ್ದೇ ಇರಲಿ ಎಂದು, ಬ್ಯಾಂಕಿನ ಠೇವಣಿಗೆ ಜನ ಬಳಸುವ ಮಾತನ್ನು ಆರಿಸಿ ಹೇಳಿದಳು.

‘ಸಾಬ್ರೆ, ನನ್ನ ಮುದ್ದತ್ತು ಈ ವಾರಕ್ಕೆ ಮುಗೀತೈತೆ. ಮುಂದೆ ನೀವು ಬೇರೆಯವರನ್ನ ನೋಡ್ಕೊಳ್ಳಿ.’

ಗ್ಯಾರೇಜಿನಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಕರೀಂ ಸಾಬರು ಫೋನನ್ನು ಜೋರು ಮಾಡಿ ಹಿಡಿದುಕೊಂಡಿದ್ದರು. ಅವರು ‘ಅರೆ, ಹಂಗಂದ್ರೆ ಹೆಂಗೆ ಮೇಡಮ್’ ಎನ್ನುವುದು ಕೇಳಿಸಿತು. ಮತ್ತೆ ಫೋನ್ ಕೈಬದಲಾಯಿತು. ಊಟದ ಬುತ್ತಿ ತಂದಿದ್ದ ಅವರ ಹೆಂಡತಿ ಸುಗ್ರಾ ಬೀ ಮಾತಾಡಿದರು.

‘ಮುಗೀತಾ ಬೇಟಿ?’

‘ಹೂಂ ಅಮ್ಮಾ. ಈ ವಾರ.’

‘ಅಲ್ಲಾನ ದಯ.’ ಮುದುಕಿಯ ದನಿ ಒದ್ದೆಯಾಗಿತ್ತು. ‘ಶುಕ್ರವಾರ ಬಾ. ಮೊದಲು ನಮ್ಮನೆಗೇ ಬರ್ಬೇಕು, ಬೇರೆ ಎಲ್ಲೂ ಹೋಗ್ಬೇಡ. ನಿನಗೆ ತವರಿಲ್ಲ ಅಂತ ಮಾರುತೇಶ್ ಹೇಳಿದ್ದ. ನಮ್ಮದೇ ತವರು ಅಂದ್ಕೋ.’

ಲೈಸೆನ್ಸು ಮುಗಿಯುವುದಕ್ಕೂ ತವರಿಗೂ ಏನು ಸಂಬಂಧ ಎಂದು ಪ್ರೇಮಲತಾಳಿಗೆ ತಿಳಿಯಲಿಲ್ಲ. ಮುಗಿಯುವ ಮೊದಲು ಒಮ್ಮೆ ಬಂದು ಕಂಬಿ ನೋಡಿಹೋಗಲಿ ಎನ್ನುತ್ತಿರಬೇಕು ಎಂದುಕೊಂಡಳು. ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ‘ಬರ್ತೀನಿ’ ಎಂದಳು.

ಶುಕ್ರವಾರ ಬೆಳಿಗ್ಗೆ ಬಸ್ಸು ಹಾನಗಲ್ ಹಳ್ಳಿ ದಾಟಿ ಬಂಡೆಗುಡ್ಡಗಳ ಕಡೆ ಹೊರಳಿದಾಗ ಅವಳು ಕಿಟಕಿಯಿಂದ ಹೊರಗೆ ನೋಡಲಿಲ್ಲ. ಆ ರಸ್ತೆಯಲ್ಲಿ ಮಾರುತೇಶನ ಬೈಕಿನ ಹಿಂದೆ ಕೂತು ಹೋದದ್ದೇ ಹೆಚ್ಚು. ಅವನು ದಾರಿಯುದ್ದಕ್ಕೂ ಮಾತಾಡುತ್ತಿದ್ದ, ಗಾಳಿಗೆ ಅವಳಿಗೆ ಅರ್ಧ ಕೇಳಿಸುತ್ತಿತ್ತು.

ಕರೀಂ ಸಾಬರ ಹಳೆಯ ಮನೆ ಹೊಸ ಕಟ್ಟಡದ ಬೆನ್ನಿಗೇ ಇತ್ತು. ಸುಗ್ರಾ ಬೀ ಹೊಸ್ತಿಲಲ್ಲೇ ಕಾಯುತ್ತಿದ್ದರು. ಒಳಗೆ ಕರೆದೊಯ್ದು ಚಾಪೆಯ ಮೇಲೆ ಕೂರಿಸಿದರು. ಕೈಕಾಲಿಗೆ ನೀರು ಕೊಟ್ಟರು. ಬಿಸಿ ಕಿಚಡಿ, ಹುಣಸೆಹಣ್ಣಿನ ಖಟ್ಟಾ, ಒಂದು ಬಟ್ಟಲು ಶಾವಿಗೆ ಪಾಯಸ ಮುಂದಿಟ್ಟರು. ಬೆಳಗ್ಗೆ ಹತ್ತಕ್ಕೆ ಇಷ್ಟೆಲ್ಲ ಯಾಕೆ ಎಂದು ಪ್ರೇಮಲತಾ ಕೇಳುವ ಮೊದಲೇ ಅವರು ಗೋಡೆಗೂಡಿನಿಂದ ಸಣ್ಣದೊಂದು ಅತ್ತರಿನ ಶೀಶೆ ತೆಗೆದರು.

‘ಕೈ ಕೊಡು.’

ಮಣಿಕಟ್ಟಿನ ಮೇಲೆ ಅತ್ತರು ತೀಡಿದರು. ಮಲ್ಲಿಗೆಯ ವಾಸನೆ ಹರಡಿತು. ಆಮೇಲೆ ಕಾಗದ ಬಿಚ್ಚಿ ಗಾಜಿನ ಬಳೆ ಹೊರತೆಗೆದರು. ನೀಲಿಯವು.

‘ಹಸಿರು ತರೋಣ ಅಂದ್ಕೊಂಡೆ. ನಿಮ್ಮತ್ತೆ ಏನಂತಾರೋ ಅಂತ ನೀಲಿ ತಂದೆ.’

ಪ್ರೇಮಲತಾ ಕೈ ಹಿಂದಕ್ಕೆ ಎಳೆದುಕೊಂಡಳು. ‘ಯಾಕಮ್ಮಾ ಇದೆಲ್ಲ?’

‘ಯಾಕೆ ಅಂದ್ರೆ? ನಿಂದು ಇದ್ದತ್ ಮುಗೀತಲ್ಲ.’

‘ಏನು ಮುಗೀತು?’

ಬಾಗಿಲ ಬಳಿ ನಿಂತಿದ್ದ ಕರೀಂ ಸಾಬರು ಹಣೆ ಬಡಿದುಕೊಂಡರು. ‘ಯಾ ಅಲ್ಲಾ. ಇದ್ದತ್ ಅಲ್ಲ ಕಣೆ, ಮುದ್ದತ್. ಮುದ್ದತ್ ಅಂದಿದ್ದು ಅವ್ರು. ಲೈಸೆನ್ಸಿಂದು.’

‘ನೀವು ಹೇಳ್ಬೇಕಿತ್ತಲ್ಲ ಮತ್ತೆ?’

‘ನೀನು ಯಾವತ್ತು ಹೇಳೋಕೆ ಬಿಟ್ಟೀಯ? ಎರಡು ದಿನದಿಂದ ಪಾಯಸ, ಬಳೆ ಅಂತ ಓಡಾಡ್ತಿದ್ದೆ. ಎಂಜಿನಿಯರ್ ಬರ್ತಾರೆ ಅಂತ ಖುಷಿ ಅಂದ್ಕೊಂಡೆ ನಾನು.’

ಸುಗ್ರಾ ಬೀ ಬಳೆಗಳನ್ನು ಮಡಿಲಲ್ಲಿಟ್ಟುಕೊಂಡು ಬಾಯಿಗೆ ಸೆರಗು ಹಿಡಿದರು. ಮುಖ ಕೆಂಪೇರಿತು. ಪ್ರೇಮಲತಾ ಒಮ್ಮೆ ಅವರನ್ನು ನೋಡಿದಳು, ಒಮ್ಮೆ ಪಾಯಸದ ಬಟ್ಟಲನ್ನು ನೋಡಿದಳು. ಅವಳಿಗೆ ನಗು ಬಂತು. ಬಂದ ನಗು ಎಲ್ಲಿತ್ತೋ, ಅವಳಿಗೇ ಅದರ ಸದ್ದು ಹೊಸದಾಗಿ ಕೇಳಿಸಿತು. ಮುದುಕಿಯೂ ನಕ್ಕರು. ಕರೀಂ ಸಾಬರು ನಗಬೇಕೋ ಬೇಡವೋ ತಿಳಿಯದೆ ಮೇಸ್ತ್ರಿಯನ್ನು ನೋಡಿ ಬರುತ್ತೇನೆಂದು ಹೊರಗೆ ನಡೆದರು.

ನಗು ನಿಂತ ಮೇಲೆ ಪ್ರೇಮಲತಾ ಕೇಳಿದಳು. ‘ಇದ್ದತ್ ಅಂದ್ರೇನು ಅಮ್ಮಾ?’

‘ಗಂಡ ಹೋದ್ಮೇಲೆ ನಮ್ಮ ಹೆಂಗಸ್ರು ಮನೇಲೇ ಕೂರ್ತಾರೆ. ನಾಲ್ಕು ತಿಂಗಳು ಹತ್ತು ದಿನ. ಸಿಂಗಾರ ಇಲ್ಲ, ಓಡಾಟ ಇಲ್ಲ. ಅದು ಮುಗಿದ ದಿನ ತವರಿನವ್ರು ಬಂದು ಬಳೆ ಕೊಟ್ಟು, ಅತ್ತರ್ ಹಚ್ಚಿ, ಕರ್ಕೊಂಡು ಹೋಗಿ ಊಟ ಹಾಕ್ತಾರೆ. ನಮ್ಮಕ್ಕನ್ನ ನಾನೇ ಕರ್ಕೊಂಡು ಬಂದಿದ್ದೆ. ಅಲ್ಲಿಂದ ಅವಳು ಬೀಡಿ ಕಟ್ಟೋಕೆ ಹೋದ್ಲು, ಸಂತೆಗೆ ಹೋದ್ಲು. ಯಾರೂ ಏನೂ ಅನ್ನೋ ಹಂಗಿಲ್ಲ.’ ಅವರು ಮಡಿಲಿನ ಬಳೆಗಳನ್ನು ಜೋಡಿಸಿದರು. ‘ನಿಮ್ಮೋರಲ್ಲಿ ವರ್ಷಾನುಗಟ್ಟಲೆ ಇರ್ಬೇಕು ಅಂದ್ಕೊಂಡಿದ್ದೆ. ಯಾರನ್ನ ಕೇಳ್ಲಿ? ನಿಮ್ಮಲ್ಲಿ ಎಷ್ಟು ದಿನ ಬೇಟಿ?’

ಪ್ರೇಮಲತಾ ಯೋಚಿಸಿದಳು. ಹನ್ನೊಂದನೆಯ ದಿನವಿತ್ತು, ತಿಂಗಳ ತಿಥಿ ಇತ್ತು, ವರ್ಷದ್ದೂ ಆಗಿತ್ತು. ಅವೆಲ್ಲ ಹೋದವನ ಲೆಕ್ಕ. ಇದ್ದವಳಿಗೆ ಯಾರೂ ದಿನ ಗೊತ್ತು ಮಾಡಿರಲಿಲ್ಲ.

‘ನಮ್ಮಲ್ಲಿ ಮುಗೀತು ಅಂತ ಯಾರೂ ಹೇಳಲ್ಲಮ್ಮಾ.’

‘ಯಾರೂ?’

‘ಯಾರೂ.’

ಸುಗ್ರಾ ಬೀ ಅವಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಬೆರಳುಗಳನ್ನು ಒಟ್ಟುಗೂಡಿಸಿ ಹಿಡಿದು, ಒಂದೊಂದಾಗಿ ಬಳೆ ಏರಿಸಿದರು.

‘ಹಂಗಾದ್ರೆ ನಾನು ಹೇಳಿದ್ದೇ ಆಯ್ತು ಬಿಡು’ ಎಂದರು. ‘ಪಾಯಸ ಆರ್ತೈತೆ. ತಿನ್ನು.’

ಅವಳು ತಿಂದಳು. ಏಲಕ್ಕಿಯ ರುಚಿ ನಾಲಿಗೆಗೆ ತಿಳಿಯಿತು. ಬಹಳ ದಿನದಿಂದ ಊಟವೆಂದರೆ ಬಾಯಿಗೆ ಹಾಕಿಕೊಳ್ಳುವುದು, ಅಷ್ಟೇ ಆಗಿತ್ತು.

ಏಣಿ ಹತ್ತಿ ಮೇಲೆ ಹೋದಾಗ ಬಿಸಿಲು ಏರಿತ್ತು. ಕಂಬಿಗಳು ಚೌಕಚೌಕವಾಗಿ ಹರಡಿದ್ದವು. ಮೇಸ್ತ್ರಿ ಚಿತ್ತಪ್ಪ ಮುಂಡಾಸು ಸರಿಮಾಡಿಕೊಂಡು ಹಿಂದೆ ಹಿಂದೆ ಬಂದ. ರಾಂಪುರದ ಕಡೆಯವನು, ಅರ್ಧ ತೆಲುಗು ಅರ್ಧ ಕನ್ನಡ. ಪ್ರೇಮಲತಾ ಬಗ್ಗಿ ಬಗ್ಗಿ ಅಂತರ ಅಳೆದಳು, ತೊಲೆಯ ಕಂಬಿ ಎಣಿಸಿದಳು. ಎಲ್ಲ ಸರಿ ಇತ್ತು. ಬೀದಿಯ ಕಡೆಗೆ ಚಾಚಿದ್ದ ಸಜ್ಜದ ಹತ್ತಿರ ಬಂದು ನಿಂತಳು.

‘ಚಿತ್ತಪ್ಪ, ಇಲ್ಲಿ ದಪ್ಪ ಕಂಬಿ ಯಾಕೆ ಕೆಳಗೈತೆ?’

‘ಮಾಳಿಗೇಲೂ ಕೆಳಗೇ ಐತಲ್ಲ ಮೇಡಮ್. ಅದೇ ಲೆವೆಲ್ ಎಳ್ದೀನಿ.’

‘ಮಾಳಿಗೆ ನಾಲ್ಕೂ ಕಡೆ ಗೋಡೆ ಮೇಲೆ ಕೂತೈತೆ. ಸಜ್ಜ ಹಂಗಲ್ಲ.’ ಅವಳು ತನ್ನ ಬಲಗೈಯನ್ನು ಮುಂದಕ್ಕೆ ಚಾಚಿದಳು. ಬಳೆ ಸದ್ದು ಮಾಡಿದವು. ‘ನೋಡು, ಇದು ಸಜ್ಜ. ಇದರ ತುದಿಗೆ ಒಂದು ಬಿಂದಿಗೆ ನೇತುಹಾಕಿದ್ರೆ ಎಳೆತ ಎಲ್ಲಿ ಬರ್ತೈತೆ?’

ಚಿತ್ತಪ್ಪ ಅವಳ ಕೈ ನೋಡಿದ, ಮತ್ತೆ ತನ್ನ ಕೈಯನ್ನೂ ಹಾಗೇ ಚಾಚಿದ. ‘ಮೇಲ್ಗಡೆ. ಭುಜದ ಹತ್ರ.’

‘ಎಳೆತ ಮೇಲಿದ್ರೆ ಕಂಬಿ ಎಲ್ಲಿರ್ಬೇಕು?’

‘ಸರೇ, ಸರೇ. ಎತ್ತಿ ಕಟ್ತೀನಿ.’ ಅವನು ತಲೆ ಕೆರೆದುಕೊಂಡ. ‘ಮಾರುತೇಶ ಸಾರ್ ಇದ್ದಿದ್ರೆ ಈಗ ಬೈದಿರೋರು.’

‘ನಾನೂ ಬೈತೀನಿ. ಸ್ವಲ್ಪ ಉಸಿರು ತಗಂತೀನಿ, ಏಣಿ ಹತ್ತಿ ಬಾಳ ದಿನ ಆತು.’

ಆಳುಗಳು ನಕ್ಕರು. ಚಿತ್ತಪ್ಪನೂ ನಕ್ಕ, ಕೂಡಲೇ ಕೂತು ತಂತಿ ಬಿಚ್ಚತೊಡಗಿದ. ತಪ್ಪಾಗಿ ಕಟ್ಟಿದ್ದನ್ನೂ ಎತ್ತಿ ಕಟ್ಟಿದ್ದನ್ನೂ ಪ್ರೇಮಲತಾ ಫೋನಿನಲ್ಲಿ ಫೋಟೊ ತೆಗೆದುಕೊಂಡಳು. ಯಾಕೆ ತೆಗೆಯುತ್ತಿದ್ದೇನೆ ಎಂದು ಆಮೇಲೆ ಹೊಳೆಯಿತು.

ಜುಮ್ಮಾ ನಮಾಜು ಮುಗಿಸಿ ಕರೀಂ ಸಾಬರು ಬರುವ ಹೊತ್ತಿಗೆ ಕಲಸುವ ಯಂತ್ರ ಗುಡುಗುಟ್ಟುತ್ತಿತ್ತು. ಫಾತೇಹಾ ಪ್ರಾರ್ಥನೆ ಓದಿಸಿ ಆಳುಗಳಿಗೆಲ್ಲ ಸಿಹಿ ಹಂಚಿದರು. ಮೊದಲ ಬಾಂಡ್ಲಿ ಕಾಂಕ್ರೀಟು ತುಂಬಿ ಮೇಲೆ ಬಂತು. ಪ್ರೇಮಲತಾ ಅಭ್ಯಾಸದಂತೆ ಒಂದು ಪಕ್ಕಕ್ಕೆ ಸರಿದು ನಿಂತಳು. ಶುಭದ ಕೆಲಸದಲ್ಲಿ ಎಲ್ಲಿ ನಿಲ್ಲಬೇಕೆಂದು ಅವಳ ಕಾಲಿಗೇ ಗೊತ್ತಾಗಿಹೋಗಿತ್ತು.

ಕೆಳಗಿನಿಂದ ಸುಗ್ರಾ ಬೀ ಕೂಗಿ ಹೇಳಿದರು. ‘ಬೇಟಿ ಹಾಕ್ಲಿ ಮೊದಲ್ನೇದು.’

ಚಿತ್ತಪ್ಪ ಒಂದು ಕ್ಷಣ ಕರೀಂ ಸಾಬರ ಮುಖ ನೋಡಿದ. ಕರೀಂ ಸಾಬರು, ‘ಕೇಳಿಸ್ಲಿಲ್ವೇನಲೇ? ಕೊಡು ಮೇಡಮ್‌ಗೆ’ ಎಂದರು. ಬಾಂಡ್ಲಿ ಭಾರವಿತ್ತು. ಅವಳು ಎರಡೂ ಕೈಯಲ್ಲಿ ಹಿಡಿದು ಸಜ್ಜದ ಬುಡಕ್ಕೆ ಸುರಿದಳು. ಕಾಂಕ್ರೀಟು ಕಂಬಿಯ ಸಂದಿಯಲ್ಲಿ ಇಳಿದು ಕೂತಿತು. ಒಂದು ನೀಲಿ ಬಳೆಗೆ ಬೂದು ಬಣ್ಣ ಮೆತ್ತಿತು. ಯಾರಿಗೂ ಏನೂ ಆಗಲಿಲ್ಲ. ಮುಂದಿನ ಬಾಂಡ್ಲಿ ಬಂತು.

ಸಂಜೆ ಚಳ್ಳಕೆರೆಗೆ ಬಸ್ಸಿಳಿದು ಓಣಿಯಲ್ಲಿ ನಡೆಯುವಾಗ ಅವಳಿಗೆ ಅಳುಕು ಶುರುವಾಯಿತು. ಬಳೆ ಬಿಚ್ಚಿ ಚೀಲದಲ್ಲಿ ಹಾಕಿಕೊಳ್ಳಬಹುದು, ಅತ್ತರನ್ನು ಏನು ಮಾಡುವುದು? ಸೂರಮ್ಮ ಜಗುಲಿಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಸೊಸೆ ಹತ್ತಿರ ಬಂದಂತೆ ಮೂಗು ಎತ್ತಿದಳು.

‘ಎಲ್ಲಿಂದ ಬರ್ತೈತೆ ಮಲ್ಲಿಗೆ ವಾಸ್ನೆ?’

ಪ್ರೇಮಲತಾ ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು. ಮುದ್ದತ್ತು ಇದ್ದತ್ ಆದ ಕಡೆ ಸೂರಮ್ಮ ಶೇಂಗಾ ಬುಟ್ಟಿ ಪಕ್ಕಕ್ಕಿಟ್ಟು ಬಿದ್ದು ಬಿದ್ದು ನಕ್ಕಳು. ‘ಪಾಪ, ಪಾಯಸ ಬೇರೆ ಮಾಡವ್ಳೆ’ ಎಂದು ಕಣ್ಣೊರೆಸಿಕೊಂಡಳು. ಯಾರೂ ದಿನ ಹೇಳುವುದಿಲ್ಲ ಎಂದ ಕಡೆ ಸೊಸೆಯ ಕೈ ಹಿಡಿದು ಬಳೆಗಳನ್ನು ತಿರುಗಿಸಿ ನೋಡಿದಳು.

‘ಸಡ್ಲ ಆಗೈತೆ. ಎಷ್ಟು ಇಳ್ದಿದ್ದೀಯೇ ನೀನು.’

‘ಬೇಡ ಅಂದ್ರೆ ತೆಗೀತೀನಿ ಅತ್ತೆ.’

‘ನಾನು ಅಂದ್ನಾ?’ ಸೂರಮ್ಮ ಕೈ ಬಿಡಲಿಲ್ಲ. ಮಾರುತೇಶ ತೊಟ್ಟಿಲಲ್ಲಿದ್ದಾಗಲೇ ಅವಳ ಗಂಡ ಹೋಗಿದ್ದ. ‘ನನಗೂ ಯಾರೂ ಹೇಳ್ಲಿಲ್ಲ ಕಣೆ. ಇನ್ನೂ ಮುಗಿದಿಲ್ಲ ಅಂತ್ಲೇ ಕೂತಿದ್ದೀನಿ ನೋಡು, ಹಲ್ಲು ಬಿದ್ದೋದ್ವು.’

ಅದು ತಮಾಷೆಗೆ ಅಂದ ಮಾತು. ಪ್ರೇಮಲತಾ ಚೀಲದಿಂದ ಶೀಶೆ ತೆಗೆದಳು. ಹೊರಡುವಾಗ ಸುಗ್ರಾ ಬೀ ಅದನ್ನು ಅವಳ ಕೈಯಲ್ಲಿ ತುರುಕಿದ್ದರು. ಒಂದು ಹನಿಯನ್ನು ಸೂರಮ್ಮನ ಬೋಳು ಮಣಿಕಟ್ಟಿನ ಮೇಲೆ ಇಟ್ಟು ಬೆರಳಿನಿಂದ ತೀಡಿದಳು.

‘ನಿಮ್ದೂ ಮುಗೀತು ಅತ್ತೆ.’

ಸೂರಮ್ಮ ಕೈಯನ್ನು ಮೂಗಿನ ಹತ್ತಿರ ಒಯ್ದು, ಹಾಗೇ ಹಿಡಿದುಕೊಂಡು ಕೂತಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಪ್ರೇಮಲತಾ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡು ಶೇಂಗಾ ಸುಲಿಯತೊಡಗಿದಳು. ಆಮೇಲೆ ಬೊಮ್ಮಣ್ಣನವರಿಗೆ ಫೋನ್ ಮಾಡಿ ಭಾನುವಾರಕ್ಕೆ ತನ್ನ ಹೆಸರು ಬರೆದುಕೊಳ್ಳಿ ಎಂದಳು.

ಭಾನುವಾರ ಸಮುದಾಯ ಭವನದಲ್ಲಿ ಮೂವತ್ತು ನಲವತ್ತು ಜನ ಇದ್ದರು. ಹೆಚ್ಚಿನವರು ಗೊತ್ತಿದ್ದವರೇ. ಕೆಲವರು ಎದ್ದು ನಿಂತು ನಮಸ್ಕಾರ ಮಾಡಿದರು, ಕೆಲವರು ಏನು ಮಾತಾಡಬೇಕೆಂದು ತಿಳಿಯದೆ ಫೋನ್ ನೋಡಿಕೊಂಡರು. ಅವಳು ಗೋಡೆ ಬದಿಯ ಕುರ್ಚಿಯಲ್ಲಿ ಕೂತಳು. ಪಕ್ಕದ ಕುರ್ಚಿ ಖಾಲಿ ಇತ್ತು. ತಡವಾಗಿ ಬಂದ ಹಿರಿಯೂರಿನ ಎಂಜಿನಿಯರ್ ಒಬ್ಬರು, ‘ಇಲ್ಲಿ ಯಾರಾದ್ರೂ ಇದ್ದಾರಾ?’ ಎಂದು ಕೇಳಿದರು. ಪ್ರೇಮಲತಾ ಆ ಕುರ್ಚಿಯನ್ನು ಒಮ್ಮೆ ನೋಡಿದಳು. ‘ಇಲ್ಲ, ಕೂತ್ಕೊಳ್ಳಿ’ ಎಂದಳು.

ಊಟಕ್ಕೆ ಮೊದಲು ಅವಳ ಸರದಿ ಬಂತು. ಮುಂದೆ ಹೋಗಿ ನಿಂತು ಮಾತು ತೆಗೆದಳು. ಹಿಂದಿನ ಸಾಲಿನಿಂದ, ‘ಕೇಳಿಸ್ತಿಲ್ಲ ಮೇಡಮ್’ ಎಂಬ ದನಿ ಬಂತು. ಒಂದೂವರೆ ವರ್ಷದಿಂದ ಅವಳು ಯಾರಿಗೂ ದೂರಕ್ಕೆ ಕೇಳಿಸುವಂತೆ ಮಾತಾಡಿರಲಿಲ್ಲ. ಗಂಟಲು ಸರಿಮಾಡಿಕೊಂಡು ಮೊದಲಿಂದ ಶುರುಮಾಡಿದಳು.

‘ಇದು ಮೊಳಕಾಲ್ಮೂರಿನ ಕರೀಂ ಸಾಬರ ಮನೆ. ನಕ್ಷೆ ನನ್ನದು ಮತ್ತು ಮಾರುತೇಶ ಅವರದು. ಮಾಳಿಗೆ ಶುಕ್ರವಾರ ಆಯ್ತು. ನಾನು ಅಲ್ಲಿದ್ದೆ.’

ಜಾಗ ಇಳಿಜಾರಿನದು, ಬಂಡೆಯ ಮೇಲೆ ಪಾಯ ಹೇಗೆ ನಿಲ್ಲಿಸಿದರು, ಒಂದು ಬದಿಯ ಗೋಡೆಯನ್ನು ಯಾಕೆ ದಪ್ಪ ಮಾಡಿದರು, ಎಲ್ಲ ಹೇಳಿದಳು. ಒಬ್ಬರು ಪ್ರಶ್ನೆ ಕೇಳಿದರು, ಉತ್ತರಿಸಿದಳು. ಇನ್ನೊಬ್ಬರು ವಾದಕ್ಕಿಳಿದರು, ಅವರಿಗೂ ಉತ್ತರಿಸಿದಳು. ಹೊರಗಡೆ ಎಲೆ ಹಾಸುವ ಸದ್ದು ಕೇಳಿಸಿತು. ಬೊಮ್ಮಣ್ಣನವರು ಗಡಿಯಾರ ನೋಡಿ ಎದ್ದು ನಿಂತರು.

‘ಸಾಕಮ್ಮ, ನಿನ್ನ ತಾಸು ನಿನಗೆ ಸಿಕ್ತು. ನಾನು ಸಹಿ ಹಾಕ್ದೆ, ಲೈಸೆನ್ಸಿಗೆ ಇನ್ನು ಯಾವ ತೊಂದ್ರೇನೂ ಇಲ್ಲ. ಕೂತ್ಕೋ.’

‘ಒಂದು ನಿಮಿಷ ಸರ್’ ಎಂದಳು ಪ್ರೇಮಲತಾ. ‘ಸಜ್ಜದ್ದು ಇನ್ನೂ ಹೇಳಿಲ್ಲ.’

ಬೊಮ್ಮಣ್ಣನವರು ಅವಳ ಮುಖ ನೋಡಿದರು. ತಮ್ಮ ಕುರ್ಚಿಯಲ್ಲಿ ಮತ್ತೆ ಕೂತರು. ಅವಳು ಮುಂದಿನ ಫೋಟೊ ಹಾಕಿ, ಸಭೆಯ ಕಡೆ ತಿರುಗಿ, ಬಲಗೈಯನ್ನು ಮುಂದಕ್ಕೆ ಚಾಚಿದಳು.

‘ಇದು ಸಜ್ಜ ಅಂತ ತಿಳ್ಕೊಳ್ಳಿ’ ಎಂದಳು.